ಗುಯಿಲಿನ್ ನೋಡಿ ಬಂದ ಕುಕ್ಕರ್

ಸ್ನೇಹಿತರೇ, ಇವತ್ತು ಮಧ್ಯಾಹ್ನ ಇಂಗ್ಲಿಷರ ನಾಡಿನ ಈ ಹ್ಯಾರೋದಲ್ಲಿ ಬೇರೆಯವರ ಚೀನಾ ಪ್ರವಾಸದ ಫೋಟೋ ನೋಡುವ ಶಿಕ್ಷೆಯಾಯಿತು. ಮೈಸೂರಿನಿಂದ ಬಂದು ಇಲ್ಲೇ ನೆಲೆಸಿರುವ ನಮ್ಮ ಡಾಕ್ಟರ್ ದಂಪತಿ ಗುಯಿಲಿನ್‌ಗೆ ಹೋಗಿ ಬಂದಿದ್ದಾರೆ. ನದಿಯ ಎರಡೂ ದಡದಲ್ಲಿ ಬೆಟ್ಟಗಳು ಸಾಲಾಗಿ ನಿಂತಿರುವ ಚೆಂದದ ಊರಂತೆ. ಡಾಕ್ಟರ ಆಸ್ಪತ್ರೆಯ ನರ್ಸ್ ಲಿಂಗ್ ಅದೇ ಊರಿನವಳು. ಊರಿನ ಮುಖ ನೋಡಿ ಎಂಟು ವರ್ಷವಾಗಿದೆ. ಕಿತ್ತಳೆ ಹಣ್ಣಿನ ಚೀಲ ಹಿಡಿದು ಎಲ್ಲರಿಗಿಂತ ಮೊದಲೇ ಡಾಕ್ಟರ ಮನೆಗೆ ಬಂದು ಟಿವಿ ಎದುರು ಕೂತಿದ್ದಳು.

ಮೊದಲ ಫೋಟೋದಲ್ಲಿ ಹೋಟೆಲ್ ರೂಮಿನ ಕಿಟಕಿಯ ಪಕ್ಕ ಇವರು ಹೊತ್ತುಕೊಂಡು ಹೋದ ರೈಸ್ ಕುಕ್ಕರ್. ಎರಡನೆಯದರಲ್ಲಿ ಅದೇ ಕುಕ್ಕರಿನ ಬಿಸಿಬೇಳೆಭಾತ್. ಆಮೇಲೆ ದೋಣಿಯಲ್ಲಿ ಪುಳಿಯೋಗರೆ, ದೋಣಿಯಲ್ಲಿ ಚಕ್ಕುಲಿ.

"ಹತ್ತು ದಿನ ಕಣ್ರೀ, ಹೊರಗಡೆ ಒಂದು ತುತ್ತು ತಿನ್ಲಿಲ್ಲ!" ಎಂದು ಡಾಕ್ಟರು ಯುದ್ಧ ಗೆದ್ದವರಂತೆ ಬೀಗಿದರು.

"ನದಿಯ ಫೋಟೋ ಇದೆಯಾ?" ಎಂದು ಲಿಂಗ್ ಇಂಗ್ಲಿಷಿನಲ್ಲಿ ಮೆತ್ತಗೆ ಕೇಳಿದಳು.

ಡಾಕ್ಟರು ನಮ್ಮ ಕಡೆ ತಿರುಗಿ, "ನದೀಲಿ ಏನ್ರೀ ನೋಡೋದು? ನಮ್ಮ ಶ್ರೀರಂಗಪಟ್ಟಣದಲ್ಲಿ ಇಲ್ವಾ?" ಎಂದರು. ನಾವೂ ನಾಚಿಕೆಯಿಲ್ಲದೆ ನಕ್ಕೆವು.

ಕೊನೆಗೊಂದು ಫೋಟೋದಲ್ಲಿ, ಡಾಕ್ಟರ ಹೆಂಡತಿಯ ಭುಜದ ಹಿಂದೆ, ಬೆರಳಗಲದ ಬೆಟ್ಟವೊಂದು ಇಣುಕಿತು. ಲಿಂಗ್ ಎದ್ದು ಹೋಗಿ ಅದನ್ನು ಮುಟ್ಟಿದಳು. "ನನ್ನ ಸ್ಕೂಲು ಈ ಬೆಟ್ಟದ ಹಿಂದೆಯೇ ಇದೆ" ಎಂದಳು.

"ಲಿಂಗ್, ಪ್ಲೀಸ್, ಸ್ವಲ್ಪ ಪಕ್ಕಕ್ಕೆ" ಎಂದರು ಡಾಕ್ಟರು. "ಚಕ್ಕುಲಿ ಡಬ್ಬ ಕಾಣಿಸ್ತಿಲ್ಲ."

ಮುಂದಿನ ಸಲ ಇವರು ಮನೆಯಲ್ಲೇ ಇದ್ದು ಕುಕ್ಕರೊಂದನ್ನೇ ಕಳಿಸಿದರೆ ಸಾಕು. ಅದಾದರೂ ಕಿಟಕಿಯ ಪಕ್ಕ ಕೂತಿತ್ತು.