ಆಚೆಮನೆ ಅತ್ತಿಗೆಯ ಬಳೆಗಳು

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ರೇಡಿಯೋದ ಚರ್ಮದ ಚೀಲ ಸಿಕ್ಕಿತು. ಬೂಷ್ಟು ಹಿಡಿದಿತ್ತು. ಗುಂಡಿ ಬಿಚ್ಚಿದ ಕೂಡಲೇ ಎದ್ದ ಮುಗ್ಗಲು ವಾಸನೆಗೆ ಆಚೆಮನೆ ಅತ್ತಿಗೆ ನೆನಪಾದರು... ಚೀಲವನ್ನು ಒಲೆಗೆ ಹಾಕಬೇಕೆಂದುಕೊಂಡೆ. ಆಗಲಿಲ್ಲ.

ಬಾಂಗ್ಲಾ ಯುದ್ಧದ ವರ್ಷ ನೆಮ್ಮಾರಿನ ನಮ್ಮ ಕೇರಿಯಲ್ಲಿ ರೇಡಿಯೋ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅತ್ತಿಗೆಯ ಗಂಡ, ನಾನು ಅಣ್ಣ ಎನ್ನುತ್ತಿದ್ದವನು, ಗಡಿಯಲ್ಲಿದ್ದ. ಸೈನ್ಯದ ಭರ್ತಿಗೆ ನಾವಿಬ್ಬರೂ ಒಟ್ಟಿಗೇ ಹೋಗಿದ್ದೆವು. ಎದೆಯ ಅಳತೆ ಸಾಲದೆಂದು ನನ್ನನ್ನು ವಾಪಸು ಕಳಿಸಿದ್ದರು.

ಅತ್ತಿಗೆ ದಿನಾ ಸಂಜೆ ವಾರ್ತೆ ಕೇಳಲು ಬಂದು ಜಗಲಿಯ ತುದಿಯಲ್ಲಿ ಕೂರುತ್ತಿದ್ದರು. ಒಂದು ಸಂಜೆ ನಾನು ಅಲ್ಲಿದ್ದವರಿಗೆಲ್ಲ ಯುದ್ಧ ಹೇಗೆ ಮಾಡಬೇಕೆಂದು ವಿವರಿಸುತ್ತಿದ್ದೆ.

"ಎದೆ ಅಳತೆ ಸಾಲ್ದಿದ್ರೂ ಗಂಟಲು ಜೋರಾಗೇ ಇದೆ ಮಾರಾಯ," ಎಂದರು ಅತ್ತಿಗೆ.

ಜಗಲಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಮರುದಿನ ಅವರು ಬರುವಷ್ಟರಲ್ಲಿ ವಾರ್ತೆ ಮುಗಿದಿತ್ತು. ಆ ಸಂಜೆ ಕೇರಿಯವರು ಯಾರೂ ಬಂದಿರಲಿಲ್ಲ, ನಾನೊಬ್ಬನೇ ಇದ್ದೆ.

"ಎಂತ ಹೇಳಿದ್ರು ಇವತ್ತು?"

"ನಿಮ್ಮೋರ ತುಕಡಿಯಲ್ಲಿ ಒಬ್ರೂ ಉಳಿಲಿಲ್ಲಂತೆ."

ಅಂಥ ಸುದ್ದಿಯೇ ಬಂದಿರಲಿಲ್ಲ. ಅವರ ಮುಖದ ನಗು ಆರುವುದನ್ನು ನೋಡಬೇಕಿತ್ತು, ಅಷ್ಟೇ. ಬೆಳಿಗ್ಗೆ ತಮಾಷೆಗೆ ಹೇಳಿದ್ದು ಎಂದರಾಯಿತು ಎಂದುಕೊಂಡು ಮಲಗಿದೆ. ಚೆನ್ನಾಗಿ ನಿದ್ದೆ ಬಂತು.

ಎದ್ದಾಗ ಆಚೆಮನೆಯ ಅಂಗಳದ ತುಂಬ ಜನ. ತಂತಿ ಬರುವವರೆಗೆ ಕಾಯೋಣ ಎಂದು ಯಾರೋ ಹೇಳುತ್ತಿದ್ದರು. "ರೇಡಿಯೋದೋರು ಸುಳ್ಳು ಹೇಳ್ತಾರಾ?" ಎಂದರು ಅತ್ತಿಗೆಯ ಅತ್ತೆ. ಬಾವಿಕಟ್ಟೆಯ ಮೇಲೆ ಸೊಸೆಯ ಕೈಯಿರಿಸಿ ಹಸಿರು ಬಳೆಗಳನ್ನು ಕಲ್ಲಿನಿಂದ ಒಡೆದರು. ನಾನು ಬೇಲಿಯ ಈಚೆ ನಿಂತು ನೋಡಿದೆ. ಬಾಯಿ ಬಿಟ್ಟಿದ್ದರೆ ಹೊಡೆಯುತ್ತಿದ್ದರು...

ಯುದ್ಧ ಮುಗಿದು ಅಣ್ಣ ರಜೆಗೆ ಬಂದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಮನೆಗೆ ಹೋದವನು ಹಾಗೆಯೇ ನಮ್ಮ ಜಗಲಿಗೆ ಬಂದ. ಅತ್ತಿಗೆ ಅವನ ಹಿಂದೆ ನಿಂತಿದ್ದರು.

"ರೇಡಿಯೋದಲ್ಲಿ ಬಂತು ಅಂತ ನೀನು ಹೇಳಿದ್ದಂತೆ. ಹೌದಾ?"

ಅತ್ತಿಗೆ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ನಾನೆಂತಕ್ಕೆ ಹೇಳ್ಲಿ? ವಾರ್ತೇಲಿ ಅಂಥದ್ದು ಬಂದೇ ಇಲ್ಲ. ಪೇಟೇಲಿ ಯಾರನ್ನ ಬೇಕಾದ್ರೂ ಕೇಳು."

ಸುಳ್ಳು ಸುದ್ದಿ ಕಟ್ಟಿದ್ದು ಅತ್ತಿಗೆಯೇ, ಗಂಡನ ಸಾವನ್ನು ಬಯಸಿದವಳು ಎಂದಾಯಿತು. ಬಳೆ ಒಡೆದ ಅತ್ತೆಯೇ ಅದನ್ನು ಕೇರಿಗೆಲ್ಲ ಹೇಳಿದರು. ಅತ್ತಿಗೆಯನ್ನು ಬೇಗಾರಿನ ತವರಿಗೆ ಬಿಟ್ಟು ಬಂದರು. ಅಣ್ಣ ಬೇರೆ ಮದುವೆಯಾದ. ಆ ಊಟದಲ್ಲಿ ಪಂಕ್ತಿಗೆ ಪಾಯಸ ಬಡಿಸಿದವನು ನಾನು.

ಚೀಲ ಸಿಕ್ಕ ಮರುದಿನ ಬಸ್ಸು ಹತ್ತಿ ಬೇಗಾರಿಗೆ ಹೋದೆ. ಅತ್ತಿಗೆ ಕಳೆದ ಮಳೆಗಾಲದಲ್ಲೇ ತೀರಿಕೊಂಡಿದ್ದರು. ಅವರ ತಮ್ಮನ ಹೆಂಡತಿ ಕಾಫಿ ಕೊಟ್ಟರು. ಗಂಡ ಬದುಕಿರುವಾಗ ಸತ್ತ ಹೆಂಗಸಿಗೆ ನಮ್ಮಲ್ಲಿ ಹಸಿರು ಬಳೆ ತೊಡಿಸಿ ಕಳಿಸುತ್ತಾರೆ. ಅಣ್ಣ ಇವತ್ತಿಗೂ ಇದ್ದಾನೆ.

"ಬಳೆ ತರ್ಸಿದ್ವು," ಎಂದರು ಆಕೆ. "ಅವ್ರ ಗಂಡ ಇದಾರೋ ಇಲ್ವೋ, ತೊಡಿಸ್ಬೋದಾ, ಬ್ಯಾಡ್ವಾ ಅಂತ ಹೇಳೋರೇ ಇರ್ಲಿಲ್ಲ. ಬರೀ ಕೈಯಲ್ಲೇ ಕಳಿಸಿದ್ವು... ನಿಮಗೆ ಅವ್ರು ಹೆಂಗೆ ಗೊತ್ತು?"

"ಪಕ್ಕದ ಮನೆ," ಎಂದೆ.

ಕಾಫಿ ಕುಡಿದು ಎದ್ದು ಬಂದೆ. ಇಲ್ಲಿ ಬರೆದದ್ದನ್ನು ಅಲ್ಲಿಯೂ ಹೇಳಲಿಲ್ಲ.