ಮೂವತ್ತು ದಿನದ ಟ್ರಯಲ್

ಫೋಟೊ ಸ್ಟುಡಿಯೊದವನ ಹೆಂಡತಿ ಹನ್ನೆರಡು ವರ್ಷಗಳಿಂದ ಗಂಡನ ಅಂಗಡಿಯಲ್ಲಿ ಫೋಟೊ ಕತ್ತರಿಸಿ ಲಕೋಟೆಗೆ ಹಾಕುತ್ತಿದ್ದಳು. ಹರಿದ ಹಳೆಯ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಸರಿಪಡಿಸುವುದನ್ನು ಕಲಿಯಬೇಕೆಂಬುದು ಅವಳ ಆಸೆ.

ಮೈದುನ ಪೆನ್‌ಡ್ರೈವ್ ಹಿಡಿದು ಬಂದ. "ಅತ್ತಿಗೆ, ಇದ್ರಲ್ಲಿ ಪೂರ್ತಿ ಸಾಫ್ಟ್‌ವೇರ್ ಇದೆ, ಬಿಟ್ಟಿ. ಹಾಕೋವಾಗ ಆಂಟಿವೈರಸ್ ಆಫ್ ಮಾಡ್ಬೇಕು, ಅಷ್ಟೇ."

"ಬಾಗಿಲು ತೆಗೆದಿಟ್ಟು ಮಲಗಿ ಅಂದ ಹಾಗಾಯ್ತು. ಈ ಕಂಪ್ಯೂಟರಿನೊಳಗೆ ಊರವರ ಮದುವೆ ಫೋಟೊಗಳೆಲ್ಲ ಇವೆ, ನೋಡಪ್ಪ."

ಅವಳು ಕಂಪನಿಯ ಸ್ವಂತ ವೆಬ್‌ಸೈಟಿನ ವಿಳಾಸವನ್ನು ಒಂದೊಂದೇ ಅಕ್ಷರ ನೋಡಿ ಟೈಪು ಮಾಡಿ, ಅಲ್ಲಿಂದಲೇ ಟ್ರಯಲ್ ಇಳಿಸಿಕೊಂಡಳು. ಜೊತೆಗೆ ನುಸುಳಲು ನೋಡಿದ ಇನ್ನೊಂದು ಪ್ರೋಗ್ರಾಮಿನ ಟಿಕ್ ತೆಗೆದಳು. ಮೊದಲ ಸಲ ತೆರೆದ ದಿನದಿಂದ ಮೂವತ್ತು ದಿನ ಬಿಟ್ಟಿ ಎಂದು ಬರೆದಿತ್ತು. ತೆರೆಯದೆ ಎದ್ದುಹೋದಳು.

ವಾರ ಕಳೆಯಿತು. "ಇನ್ನೂ ಶುರು ಮಾಡಿಲ್ವಾ? ಒಂದು ತಿಂಗಳು ಸಾಲ್ದಾ?" ಎಂದ ಗಂಡ.

"ನಿಮಗಾದ್ರೆ ಒಂದು ತಿಂಗಳು. ಅಡುಗೆ, ಪಾತ್ರೆ, ಬಟ್ಟೆ, ಅತ್ತೆಯವರ ಔಷಧಿ ಕಳೆದ್ರೆ ನನಗೆ ಸಿಗೋದು ದಿನಕ್ಕೆ ಅರ್ಧ ಗಂಟೆ. ರಾತ್ರಿ ಅಡುಗೆ ನೀವು ನೋಡ್ಕೊಳ್ಳೋದಾದ್ರೆ ಇವತ್ತೇ ತೆರೀತೀನಿ."

ಗಂಡ ತಲೆ ಕೆರೆದುಕೊಂಡು ಒಪ್ಪಿದ.

ಸಂಜೆ ಅವಳು ತನ್ನ ಅಜ್ಜಿಯ ಫೋಟೊ ತೆರೆದು, ಕೆನ್ನೆಗೆ ಅಡ್ಡ ಬಿದ್ದಿದ್ದ ಬಿರುಕನ್ನು ಮುಚ್ಚುತ್ತಿದ್ದಳು. ಅಡುಗೆಮನೆಯಿಂದ ಗಂಡನ ಕೂಗು ಬಂತು: "ಉಪ್ಪಿನ ಡಬ್ಬಿ ಎಲ್ಲಿದೆ?"

ಅರ್ಧ ಎದ್ದವಳು ಮತ್ತೆ ಕೂತಳು. "ಅಲ್ಲೇ ಎಲ್ಲೋ ಇರುತ್ತೆ, ಹುಡುಕಿ. ನನಗಿರೋದು ಮೂವತ್ತೇ ದಿನ."