ವಲ್ಲಿಯ ಕೆಳಗೆ ಮಾರಿದ ಎಂಜಿನ್

ಗೇರ್ ಎಣ್ಣೆಯ ನಾತ ಮೂಗಿಗೆ ಬಡಿದರೆ ಇವತ್ತಿಗೂ ನಾನು ಮೂಗು ಮುಚ್ಚಿಕೊಂಡು ದೂರ ಸರಿಯುತ್ತೇನೆ. ಆ ನಾತದ ನೆನಪೊಂದನ್ನು ನಾನು ಅನುಮಾನಿಸುವುದಿಲ್ಲ. ಉಳಿದದ್ದಕ್ಕೆ ಜಾಮೀನು ನಿಲ್ಲಲಾರೆ.

ಧಾರವಾಡದಲ್ಲಿ ಪದವಿ ಮುಗಿಸಿ, ಯಾವ ನೌಕರಿಯಲ್ಲೂ ಕಾಲೂರದೆ, ಬೆಟಗೇರಿಯ ಸೋದರಮಾವನ ಮನೆಯಲ್ಲಿ ಬಿದ್ದಿದ್ದ ಕಾಲ ಅದು. ಮಾವ ಹಳೆಯ ಮೋಟಾರುಗಳ ಎಂಜಿನ್, ಗೇರ್ ಬಾಕ್ಸ್, ಹಿಂದಿನ ಆ್ಯಕ್ಸಲ್ ಕೊಂಡು ಮಾರುತ್ತಿದ್ದ. ಸ್ವಾತಂತ್ರ್ಯ ಬಂದ ಹೊಸತು; ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಸಂಸ್ಥಾನಗಳು ಆಗಷ್ಟೇ ಮುಂಬೈ ಪ್ರಾಂತಕ್ಕೆ ಸೇರಿದ್ದವು. ಸರಕಾರಿ ಬಸ್ಸು ಬಂದು ಖಾಸಗಿ ಮೋಟಾರಿನವರು ಒಬ್ಬೊಬ್ಬರಾಗಿ ಬಾಗಿಲು ಹಾಕುತ್ತಿದ್ದರು. ಎಲ್ಲರೂ ದೇಶ ಒಂದಾಗುವ ಮಾತಾಡುತ್ತಿದ್ದಾಗ ಮಾವ ಮೋಟಾರುಗಳನ್ನು ಬಿಡಿಬಿಡಿ ಮಾಡುತ್ತಿದ್ದ.

ಬೆಲೆ ಕಟ್ಟುವ ಅವನ ರೀತಿ ನನಗೆ ಅಸಹ್ಯ. ಎಣ್ಣೆಯಲ್ಲಿ ಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿ, ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳುತ್ತಿದ್ದ. ಅದೇ ಬೆರಳಿನಿಂದ ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಸುಟ್ಟ ಎಣ್ಣಿ ಕಹಿ ಇರ್ತೈತಲೇ ಅಳಿಯಾ. ಕಾಲೇಜಿನ್ಯಾಗ ಇದನ್ನ ಕಲಿಸಿಲ್ಲೇನು?"

ದರ ಮಾತ್ರ ಬಾಯಿಂದ ಬರುತ್ತಿರಲಿಲ್ಲ. ಮುಂಡರಗಿಯ ದನದ ಸಂತೆಯ ದಲಾಲರಂತೆ ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹಾಸಿ, ಅದರ ಕೆಳಗೆ ಕೊಳ್ಳುವವನೂ ಮಾರುವವನೂ ಬೆರಳು ಹಿಡಿದು ಬೆಲೆ ಕೂಡಿಸುತ್ತಿದ್ದರು. ನಿಂತವರಿಗೆ ಕಾಣುವುದು ಬಟ್ಟೆಯ ಮಿಸುಕಾಟ ಮಾತ್ರ. ಆ ವಲ್ಲಿಯಿಂದಲೇ ಮಾವ ಎಣ್ಣೆ ಒರೆಸುತ್ತಿದ್ದ, ಬಾಯಿಯನ್ನೂ.

ಒಂದು ದಿನ ಮುಳಗುಂದ ದಾಟಿ ಶಿರಹಟ್ಟಿಗೆ ಹೋದೆವು. ಬಾಡಿಗೆ ಮೋಟಾರು ಓಡಿಸುತ್ತಿದ್ದ ಒಬ್ಬಾತ ಜ್ವರದಲ್ಲಿ ಸತ್ತಿದ್ದ. ಹೆಂಡತಿ ಮೈದುನನ ಮನೆಯಲ್ಲಿದ್ದಳು. ಮೋಟಾರಿನ ಮೈ ತುಕ್ಕು ಹಿಡಿದಿತ್ತು. ಎಂಜಿನ್, ಗೇರ್ ಬಾಕ್ಸ್, ಆ್ಯಕ್ಸಲ್ ಮೂರನ್ನೂ ಬಿಚ್ಚಿ ಅಂಗಳದಲ್ಲಿ ಚೀಲದ ಮೇಲೆ ಇಟ್ಟಿದ್ದರು. ಆ ಹೆಣ್ಣುಮಗಳು ಮೊದಲೇ ಹೇಳಿದಳು:

"ಅಣ್ಣಾರ, ಎಂಜಿನ್ ಕೊಡಂಗಿಲ್ಲ. ಅದರ ಮ್ಯಾಲೆ ಹಿಟ್ಟಿನ ಗಿರಣಿ ಹಾಕಾಕಿ ಅದೀನಿ. ಉಳದ ಎರಡು ತಗೊಂಡು ಹೋಗ್ರಿ, ಆ ರೊಕ್ಕದಾಗ ಬೀಸೂ ಕಲ್ಲು ತರ್ತೀನಿ."

"ಗಿರಣಿ ಹಾಕಿ ನಮ್ಮನಿ ಬಿಟ್ಟು ಹೋಕ್ಕಾಳಂತ," ಎಂದು ಮೈದುನ ನಕ್ಕ. "ರೊಟ್ಟಿ ಬಡಿಯೋರು ಯಾರು ವೈನಿ, ನಾನೇನು?"

"ಕೈ ಅದಾವಲ್ಲ ನಿಮಗ."

ಮಾವನಿಗೆ ಬೇಕಾಗಿದ್ದದ್ದು ಎಂಜಿನ್ನೇ. ಅವನು ಅದರ ಹೊಟ್ಟೆಯ ಎಣ್ಣೆಯನ್ನು ಅಗಲ ತಟ್ಟೆಯಂಥ ಪರಾತಕ್ಕೆ ಇಳಿಸಿ, ಬೆರಳಾಡಿಸಿ, ಬಿಸಿಲಿಗೆ ಹಿಡಿದ. ಎಣ್ಣೆಯಲ್ಲಿ ಕಬ್ಬಿಣದ ಪುಡಿ ಮಿಂಚಿತು.

"ನೋಡವಾ ತಂಗಿ. ಒಳಗೆಲ್ಲಾ ಸವದು ಪುಡಿ ಆಗೈತಿ. ಇದು ಗಿರಣಿ ಎಳ್ಯಂಗಿಲ್ಲ. ಮೂರೂ ಕೂಡಿ ಕೊಟ್ಟುಬಿಡು, ನಾಕು ಕಾಸರೆ ಬರ್ತಾವ."

ಅವಳ ಮುಖ ಇಳಿದುಹೋಯಿತು.

ಇಲ್ಲಿ ನಾನು ನಿಲ್ಲಬೇಕು. ಮಾವ ಕಿರುಬೆರಳಿನ ಉಗುರನ್ನು ಉದ್ದ ಬಿಟ್ಟಿದ್ದ, ಅದು ಖಾತ್ರಿ. ಆ ಉಗುರಿನ ಸಂದಿಯಿಂದ ಪುಡಿ ಎಣ್ಣೆಗೆ ಉದುರಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ನಾನು ನಿಂತಿದ್ದು ಅವನ ಬೆನ್ನ ಹಿಂದೆ, ಅಲ್ಲಿಂದ ಉಗುರು ಕಾಣುವಂತಿರಲಿಲ್ಲ. ಹೇಸಿಕೆಯೇ ಆಮೇಲೆ ಈ ಚಿತ್ರ ಬರೆದಿರಬಹುದು. ಅಂಗಳದಾಚೆಯ ಕಚೇರಿಯ ಮೇಲೆ ಬಾವುಟ ಹಾರುತ್ತಿತ್ತು ಎಂದೂ ನೆನಪಿದೆ. ಆ ಓಣಿಯಲ್ಲಿ ಕಚೇರಿಯೇ ಇರಲಿಲ್ಲವೇನೋ.

ಬೆಲೆ ಕೂಡಿಸುವ ಹೊತ್ತು ಬಂತು. ಪರಗಂಡಸಿನ ಬೆರಳನ್ನು ಅವಳು ಹಿಡಿಯುವಂತಿಲ್ಲವಲ್ಲ. ಮೈದುನ ಯಾರೂ ಕರೆಯದಿದ್ದರೂ ಕೈ ಚಾಚಿದ. ಮಾವ ವಲ್ಲಿ ಹಾಸಿದ. ಬಟ್ಟೆಯ ಕೆಳಗೆ ಎರಡು ಕೈಗಳು ಇಲಿಗಳಂತೆ ಹೊರಳಾಡಿದವು. ನಾನು ಮುಖ ತಿರುವಿದೆ.

"ಆತು," ಎಂದ ಮೈದುನ.

"ಏನ್ ಆತು?"

"ಮೂರೂ ಹೋದುವು. ಎಷ್ಟಂತ ಮನ್ಯಾಗ ಹೇಳ್ತೀನಿ ವೈನಿ, ಇಲ್ಲಿ ಮಂದಿ ಅದಾರ."

ಕಟ್ಟೆಯ ಮೇಲೆ ಓಣಿಯ ನಾಲ್ಕಾರು ಜನ ನಿಜವಾಗಿಯೂ ಕೂತಿದ್ದರು. ಅವಳು ಪರಾತವನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತಳು.

"ಮಂದಿ ಇರಲಿ. ವಸ್ತು ನಂದು, ಬೆರಳು ನಿಮ್ದು. ಇಬ್ರೂ ಒಂದ ಸಲಕ್ಕ ಬಾಯಿಲೆ ಹೇಳ್ರಿ. ಹೂಂ, ಹೇಳ್ರಿ!"

ಬೆರಳಿನ ವ್ಯವಹಾರದಲ್ಲಿ ಬಾಯಿ ಏನು ಹೇಳಬೇಕೆಂದು ಯಾರೂ ಮೊದಲೇ ಗೊತ್ತುಮಾಡಿಕೊಂಡಿರುವುದಿಲ್ಲ. ಮಾವ ಯೋಚಿಸದೆ ಬೆರಳಲ್ಲಿ ಒಪ್ಪಿದ್ದನ್ನೇ "ಐನೂರು" ಎಂದುಬಿಟ್ಟ. ಅದೇ ಕ್ಷಣಕ್ಕೆ ಮೈದುನ "ಮುನ್ನೂರು" ಎಂದ.

ಕಟ್ಟೆಯ ಮೇಲೆ ನಗೆ ಸಿಡಿಯಿತು. "ನಡುವಿನ ಎರಡನೂರು ವಲ್ಲ್ಯಾಗ ಐತಿ, ಝಾಡಸ್ರಿ!" ಎಂದ ಒಬ್ಬ ಮುದುಕ.

ಅವಳು ನಗಲಿಲ್ಲ. "ಬೆರಳು ಸುಳ್ಳಾದ್ರ ಪುಡಿನೂ ಸುಳ್ಳು," ಎಂದಳು. "ಎಂಜಿನ್ ಮುಟ್ಟಬ್ಯಾಡ್ರಿ. ಗೇರ್ ಬಾಕ್ಸಿಗೆ, ಆ್ಯಕ್ಸಲಿಗೆ ಎಷ್ಟು ಕೊಡ್ತೀರಿ? ಮಂದಿ ಮುಂದ ಹೇಳ್ರಿ."

ತರ್ಕಶಾಸ್ತ್ರದ ಪ್ರಕಾರ ಅವಳ ಮಾತು ತಪ್ಪು. ಮೈದುನ ಕಳ್ಳನಾದ ಮಾತ್ರಕ್ಕೆ ಎಂಜಿನ್ ಗಟ್ಟಿಯಾಗುವುದಿಲ್ಲ. ಆದರೆ ಮಾವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ, ಕಿವಿ ಹಿಂದಿನಿಂದಲೂ ಕಾಣುತ್ತದೆ. ಅವನು ಎರಡಕ್ಕೂ ಕೂಡಿ ಒಂದು ದರ ಹೇಳಿದ. ಕಟ್ಟೆಯವರು ಛೀ ಎಂದರು. ಏರಿಸಿದ. ಮತ್ತೆ ಛೀ ಎಂದರು. ವಲ್ಲಿಯ ಕೆಳಗೆ ವ್ಯಾಪಾರ ಮಾಡುವವನಿಗೆ ಅಂಥ ಅವಮಾನ ಬೇರೆ ಇರಲಿಕ್ಕಿಲ್ಲ. ಕೊನೆಗೆ ಅವಳು ತಲೆಯಾಡಿಸಿದಳು. ರೊಕ್ಕವನ್ನು ಮೈದುನ ಚಾಚಿದ ಕೈಗೆ ಕೊಡಗೊಡದೆ ತಾನೇ ಸೆರಗಿಗೆ ಕಟ್ಟಿಕೊಂಡಳು.

ಬಾಡಿಗೆ ಲಾರಿಯಲ್ಲಿ ತಿರುಗಿ ಬರುವಾಗ ಮಾವ ದಾರಿಯಲ್ಲಿ ಮಂಡಕ್ಕಿಯ ಗಿರಮಿಟ್ ಕೊಂಡ. ಕೈ ತೊಳೆಯದೆ ಕಲಸಿ ಒಂದು ಮುಷ್ಟಿ ನನ್ನ ಮುಂದೆ ಹಿಡಿದ. "ತಿನ್ನು. ಹೆಣ್ಮಕ್ಕಳ ಕೂಡ ವ್ಯಾಪಾರ ಮಾಡಬಾರದಪಾ. ವಲ್ಲಿ ಮರ್ಯಾದಿ ಗೊತ್ತಿಲ್ಲ ಅವಕ್ಕ." ನಾನು ಕಿಟಕಿಯತ್ತ ತಿರುಗಿದೆ.

ಅದೇ ಗೇರ್ ಬಾಕ್ಸನ್ನು ಗದಗಿನಲ್ಲಿ ಒಬ್ಬ ಲಾರಿಯವನಿಗೆ ಮಾರುವಾಗ ಮಾವ ಎಣ್ಣೆಯನ್ನು ಮತ್ತೆ ನಾಲಿಗೆಗೆ ಮುಟ್ಟಿಸಿದ. ಈ ಸಲ ಉಗುಳಲಿಲ್ಲ, ಚಪ್ಪರಿಸಿದ. ಆ ವಾರವೇ ನಾನು ಹುಬ್ಬಳ್ಳಿಯ ರೈಲು ಹತ್ತಿದೆ.

ಆಮೇಲೆ ಮಾವ ಸಿಕ್ಕಿದ್ದು ಒಂದು ಮದುವೆಯ ಪಂಕ್ತಿಯಲ್ಲಿ. ನಾನು ಕೇಳದಿದ್ದರೂ ಅವನೇ ಶುರುಮಾಡಿದ.

"ಶಿರಹಟ್ಟ್ಯಾಕಿ ಗಿರಣಿ ಹಾಕ್ಯಾಳ ನೋಡು. ಅದ ಎಂಜಿನ್ನು. ಬ್ಯಾರೆ ಮನಿ ಮಾಡ್ಯಾಳ. ಡಬ್ ಡಬ್ ಅಂತ ಊರಿಗೆಲ್ಲಾ ಕೇಳತೈತಿ."

"ಮತ್ತ ಆ ಪುಡಿ, ಮಾಮಾ?"

 ಅವನು ತುಪ್ಪದ ಬಟ್ಟಲಿಗೆ ಬೆರಳು ಅದ್ದಿ ನನ್ನ ಹೋಳಿಗೆಯ ಮೇಲೆ ಸವರಿದ. ಕಿರುಬೆರಳಿನ ಉಗುರು ಹಾಗೆಯೇ ಇತ್ತು. ನಾನು ಎಲೆ ಮಡಚಿದೆ.